ಬಾಯಲ್ಲಿ ಕಲ್ಲಿಲ್ಲದ ವರ್ಷ

ನಮ್ಮೂರಿನ ಕಾಲೇಜಿನಲ್ಲಿ ಸೀಟು ಕೊಡುವುದು ಗೋಡೆ. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕೂತಿರುತ್ತಾರೆ, ಸಮಿತಿಯವರು ಸಾಲಾಗಿ ಕೂತು ನೀರು ಕುಡಿಯುತ್ತಿರುತ್ತಾರೆ, ಆದರೆ ಅವರದೇನೂ ನಡೆಯುವುದಿಲ್ಲ. ದೊಡ್ಡ ಹಜಾರದ ಪಡುವಣ ಗೋಡೆಯ ಮುಂದೆ ಹುಡುಗನೋ ಹುಡುಗಿಯೋ ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಗೋಡೆ ಆ ಹೆಸರನ್ನು ತಿರುಗಿ ಕೂಗಿದರೆ ಸೀಟು ಸಿಕ್ಕಿತು. ಸುಮ್ಮನಿದ್ದರೆ ಮನೆಗೆ ಹೋಗಿ ಬೇರೆ ದಾರಿ ನೋಡಿಕೊಳ್ಳಬೇಕು. ಬದುಕಿನಲ್ಲಿ ಕೂಗುವುದಕ್ಕೆ ಅವಕಾಶ ಒಂದೇ ಸಲ. ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಸೀಟು ಹೇಗೆ ಸಿಗುತ್ತದೆಂದು ಕೇಳಿ ನಾನೂ ನಕ್ಕಿದ್ದೇನೆ.

ಗೋಡೆ ಪರಿಚಯದ ದನಿಗೆ ಬೇಗ ಒಲಿಯುತ್ತದೆ. ಹಾಗಾಗಿ ಗಡಿಯಾರದ ಬೀದಿಯ ಮಕ್ಕಳಿಗೆ ಇದು ಕಷ್ಟದ ಕೆಲಸವೇ ಅಲ್ಲ. ಅವರ ಅಪ್ಪಂದಿರು, ಅಜ್ಜಂದಿರು ಅಲ್ಲೇ ಓದಿದವರು, ಅಲ್ಲೇ ಭಾಷಣ ಮಾಡಿದವರು. ಭಾನುವಾರ ಆ ಬೀದಿಯ ತಾಯಂದಿರು ಎಳೆಗೂಸುಗಳನ್ನು ಎತ್ತಿಕೊಂಡು ಹಜಾರಕ್ಕೆ ಬಂದು ಆಡಿಸುತ್ತಾರೆ. ಕೂಸು ನಕ್ಕರೂ ಒಳ್ಳೆಯದು, ರಚ್ಚೆ ಹಿಡಿದು ಅತ್ತರೂ ಒಳ್ಳೆಯದು, ಹೇಗಾದರೂ ಗೋಡೆಯ ಕಿವಿಗೆ ಬಿದ್ದರಾಯಿತು. ಆ ಕೂಸು ದೊಡ್ಡದಾಗಿ ಬಂದು ಹೆಸರು ಕೂಗುವ ಹೊತ್ತಿಗೆ ಗೋಡೆ ಸೋದರಮಾವನ ಹಾಗೆ ಉತ್ತರ ಕೊಡುತ್ತದೆ. ಆಮೇಲೆ ಮನೆಯವರೆಲ್ಲ ಸೇರಿ ಹುಡುಗನ ಪ್ರತಿಭೆಯನ್ನು ಹೊಗಳುತ್ತಾರೆ.

ನಮ್ಮದು ಸುಣ್ಣಗೇರಿ. ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕಸುಬು. ಆ ಹಜಾರಕ್ಕೆ ಪ್ರತಿ ಬೇಸಿಗೆಯಲ್ಲಿ ಸುಣ್ಣ ಬಳಿಯುವವರೂ ನಾವೇ. ಹಸಿ ಸುಣ್ಣ ತನ್ನೆದುರು ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಂಡಕಂಡ ಮಾತು ಸೇರಿದರೆ ಗೋಡೆಯ ಕಿವಿ ಕೆಡುತ್ತದೆ ಎಂಬುದು ಕಾಲೇಜಿನವರ ಭಯ. ಅದಕ್ಕಾಗಿ ಸುಣ್ಣ ಬಳಿಯುವಾಗ ನಾವು ಬಾಯಲ್ಲಿ ಹೊಳೆಯ ಕಲ್ಲು ಇಟ್ಟುಕೊಳ್ಳಬೇಕಿತ್ತು. ಬಾಗಿಲ ಪಕ್ಕದ ಗೂಡಿನಲ್ಲಿ ನುಣ್ಣನೆಯ ಕಲ್ಲುಗಳ ಬುಟ್ಟಿ ಇರುತ್ತಿತ್ತು. ಒಳಗೆ ಹೋಗುವಾಗ ಒಂದನ್ನು ತೊಳೆದು ನಾಲಿಗೆಯ ಮೇಲಿಟ್ಟುಕೊಳ್ಳಬೇಕು, ಹೊರಗೆ ಬರುವಾಗ ಉಗಿದು ಬುಟ್ಟಿಗೆ ಹಾಕಬೇಕು. ನಮ್ಮ ಕೇರಿಯ ಕೈ ತಾಗದ ಒಂದಂಗುಲವೂ ಆ ಗೋಡೆಯಲ್ಲಿಲ್ಲ. ಆದರೆ ಅದಕ್ಕೆ ನಮ್ಮ ದನಿ ಮಾತ್ರ ಗೊತ್ತಿರಲಿಲ್ಲ.

ನನ್ನ ಅವ್ವ ಸಂಕವ್ವ ಸಣ್ಣ ಹುಡುಗಿಯಾಗಿದ್ದಾಗಿನಿಂದ ಆ ಕಲ್ಲು ಬಾಯಲ್ಲಿಟ್ಟುಕೊಂಡವಳು. ಒಮ್ಮೆ ಎಲ್ಲರೂ ಊಟಕ್ಕೆ ಹೋದಾಗ ಕಲ್ಲು ಉಗಿದು ತನ್ನ ಹೆಸರು ಕೂಗಿಬಿಡಬೇಕು ಅನ್ನಿಸಿತ್ತಂತೆ. ಬಾಯಿ ತೆರೆದಳಂತೆ. ಅಷ್ಟರಲ್ಲಿ ಯಾರೋ ಬಂದರು. "ನನ್ನ ಹೆಸರು ಅದರ ಬಾಯಾಗ ಹೆಂಗ ಕೇಳಸ್ತಿತ್ತೋ ಏನೋ, ದುರುಗೀ" ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅಪ್ಪ ಹೋದಮೇಲೆ ಅವಳನ್ನು ಹೆಸರು ಹಿಡಿದು ಕರೆಯುವವರೂ ಇಲ್ಲವಾದರು. ನಮಗೆ ಅವ್ವ, ಮೊಮ್ಮಕ್ಕಳಿಗೆ ಆಯಿ, ಕೇರಿಗೆ ದುರುಗಿಯ ಅವ್ವ. ತನ್ನ ಹೆಸರು ತನಗೇ ಮರೆತುಹೋಗುತ್ತದೇನೋ ಎಂದು ನಗುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಹಾಗಾದರೆ ನಾನು ಹೇಗೆ ಒಳಗೆ ಹೋದೆ? ಜೊತೆಕೂಗಿನಿಂದ. ನಮ್ಮ ಹಿರಿಯರು ಬಹಳ ಜಗಳವಾಡಿ ಅದನ್ನು ಗಳಿಸಿದ್ದರು. ಸುಣ್ಣಗೇರಿಯ ಮಗು ಗೋಡೆಯ ಮುಂದೆ ನಿಂತಾಗ ಕಾಲೇಜಿನಲ್ಲಿ ಆಗಲೇ ಓದಿದ ಯಾರಾದರೂ ಪಕ್ಕದಲ್ಲಿ ನಿಂತು ಆ ಮಗುವಿನ ಹೆಸರನ್ನು ಜೊತೆಯಲ್ಲೇ ಕೂಗಬಹುದಾಗಿತ್ತು. ನನ್ನ ಪಕ್ಕದಲ್ಲಿ ಅನಂತಪಾಲ ಮಾಸ್ತರು ನಿಂತಿದ್ದರು. ನಾವಿಬ್ಬರೂ ದುರುಗಮ್ಮಾ ಎಂದು ಕೂಗಿದೆವು. ಗೋಡೆ ಒಂದು ಗಳಿಗೆ ಯೋಚಿಸಿ ನನ್ನ ಹೆಸರನ್ನು ತಿರುಗಿಸಿತು. ನನಗೆ ಕಣ್ಣೀರು ಬಂದುಬಿಟ್ಟಿತು. ಅಲ್ಲೇ ಓದಿ ಅಲ್ಲೇ ಗಣಿತದ ಮೇಡಂ ಆದೆ. ನಾನೂ ಎಷ್ಟೋ ಮಕ್ಕಳ ಪಕ್ಕದಲ್ಲಿ ನಿಂತು ಕೂಗಿದೆ. ಆ ದಿನಗಳಲ್ಲಿ ಕಾಲೇಜಿನ ಅಂಗಳದಲ್ಲಿ ನಮ್ಮ ಕೇರಿಯ ಮಾತು ಧಾರಾಳವಾಗಿತ್ತು. "ಯಕ್ಕಾ, ಇವತ್ತ ಲೆಕ್ಕ ಒಲ್ಲೇವ್ರಿ, ಹಸಿವಾಗೈತಿ" ಎಂದು ಹುಡುಗರು ಅಡ್ಡಗಟ್ಟುತ್ತಿದ್ದರು. ನಾನು ಸಿಟ್ಟು ಮಾಡಿದಂತೆ ನಟಿಸುತ್ತಿದ್ದೆ.

ಜವಳಿ ವ್ಯಾಪಾರಿ ಗುಣಸಾಗರರ ಮಗನ ಹೆಸರನ್ನು ಗೋಡೆ ತಿರುಗಿಸಲಿಲ್ಲ ಎಂಬಲ್ಲಿಂದ ಎಲ್ಲ ಬದಲಾಯಿತು. ಆ ಹುಡುಗ ಕೂಗುವಾಗ ಆಕಳಿಸಿದ್ದ ಎಂದು ನೋಡಿದವರು ಹೇಳುತ್ತಾರೆ. ಗುಣಸಾಗರರು ಮಾತ್ರ ಊರ ಮಂಡಳಿಯ ಮುಂದೆ ಹೋಗಿ, ನನ್ನ ಮಗ ಒಂದು ದನಿಯಲ್ಲಿ ಕೂಗಿದ, ಅವರ ಮಕ್ಕಳು ಎರಡು ದನಿಯಲ್ಲಿ ಕೂಗುತ್ತಾರೆ, ಇದು ಯಾವ ನ್ಯಾಯ ಎಂದು ಕೇಳಿದರು. ಗೋಡೆಗೆ ಕಣ್ಣಿಲ್ಲ, ಅದಕ್ಕೆ ಬೀದಿ ಗೊತ್ತಿಲ್ಲ, ಕೇರಿ ಗೊತ್ತಿಲ್ಲ, ಅದರ ಮುಂದೆ ಎಲ್ಲರೂ ಒಬ್ಬೊಬ್ಬರೇ ನಿಲ್ಲಲಿ ಎಂದರು. ಕೇಳಲು ಬಹಳ ಚೆನ್ನಾಗಿತ್ತು. ನಮ್ಮ ಕೇರಿಯಲ್ಲೇ ಕೆಲವರು ತಲೆದೂಗಿದರು. ಮಂಡಳಿ ಜೊತೆಕೂಗನ್ನು ನಿಲ್ಲಿಸಿತು. ಮೊದಲ ವರ್ಷ ನಮ್ಮವರು ಇಬ್ಬರೋ ಮೂವರೋ ಒಳಗೆ ಬಂದರು. ಆಮೇಲೆ ಒಬ್ಬರೂ ಇಲ್ಲ.

ಊರು ಹೊಂದಿಕೊಂಡಿತು. ಊರುಗಳು ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ! ಗಡಿಯಾರದ ಬೀದಿಯ ನಿವೃತ್ತರು ದನಿಪಾಠ ಶುರು ಮಾಡಿದರು. ಹೆಸರಿನ ಕೊನೆಯನ್ನು ಎಷ್ಟು ಮೆದುವಾಗಿ ಬಿಡಬೇಕು, ಎಲ್ಲಿ ಉಸಿರು ಎಳೆಯಬೇಕು ಎಂದು ಕಲಿಸುತ್ತಿದ್ದರು. ನಮ್ಮ ಕೇರಿಯ ಕೆಲವು ಹುಡುಗರು ಅಲ್ಲಿಗೆ ಹೋಗಿ ಬಂದು, ಮನೆಯಲ್ಲೂ ಹಾಗೇ ಮಾತಾಡಿ, ಅಜ್ಜಿಯರಿಂದ ಬೈಸಿಕೊಂಡರು. ಗೋಡೆ ಅವರಿಗೂ ಸುಮ್ಮನಿತ್ತು. ನಮ್ಮ ಪ್ರಿನ್ಸಿಪಾಲರು ವಾಮದೇವಪ್ಪನವರು ಕೆಟ್ಟವರಲ್ಲ, ಅವರಿಗೆ ನಿಜವಾಗಿಯೂ ಬೇಜಾರಾಯಿತು. ಕಾಲೇಜಿನಲ್ಲಿ ಎಲ್ಲ ಬಗೆಯವರೂ ಇರಬೇಕು ಎಂದು ಅವರು ಮನಸ್ಸಾರೆ ನಂಬಿದವರು. ಆದ್ದರಿಂದ ಪ್ರತಿಯೊಂದು ಫೋಟೋದಲ್ಲೂ ನನ್ನನ್ನು ಮುಂದೆ ನಿಲ್ಲಿಸತೊಡಗಿದರು. ಕ್ರಿಕೆಟ್ ತಂಡದ ಫೋಟೋದಲ್ಲೂ ನಾನಿದ್ದೇನೆ. ವರ್ಷಕ್ಕೊಮ್ಮೆ 'ಎಲ್ಲರ ದಿನ' ಎಂದು ಮಾಡಿ ಗಡಿಯಾರದ ಬೀದಿಯ ಹುಡುಗಿಯರಿಗೆ ನಮ್ಮ ಕೇರಿಯ ಸೀರೆ ಉಡಿಸಿ, ಮುಖಕ್ಕೆ ಒಂದಿಷ್ಟು ಸುಣ್ಣ ಹಚ್ಚಿ ಕುಣಿಸಿದರು. ನಾನು ಚಪ್ಪಾಳೆ ತಟ್ಟಿದೆ. ಮತ್ತೇನು ಮಾಡಲಿ?

ನನಗೆ ಬೇಕಾಗಿದ್ದು ಒಂದೇ. ಅಂಗಳದಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ ಯಕ್ಕಾ ಎಂದು ಕರೆಯಬೇಕು. ಪಾಠದ ನಡುವೆ ಕಿಟಕಿಯಾಚೆ ಏನಾದರೂ ಸದ್ದಾದರೆ ಸೀಮೆಸುಣ್ಣ ಹಿಡಿದ ಕೈ ನಿಂತುಬಿಡುತ್ತಿತ್ತು. ನಮ್ಮವರಾರೋ ಇರಬಹುದು ಅನ್ನಿಸುತ್ತಿತ್ತು. ಯಾರೂ ಇರುತ್ತಿರಲಿಲ್ಲ. ಎಲ್ಲರೂ ಗುಡ್ ಮಾರ್ನಿಂಗ್ ಮೇಡಂ ಎನ್ನುತ್ತಿದ್ದರು, ಒಳ್ಳೆಯ ಮಕ್ಕಳು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮನೆಯಲ್ಲಿ ಎಷ್ಟೇ ಹೊಟ್ಟೆತುಂಬ ಮಾತಾಡಿದರೂ ಆ ಅಂಗಳದ ಹಸಿವು ಬೇರೆಯೇ ಇತ್ತು.

ಇಷ್ಟರಲ್ಲಿ ನನ್ನ ಅಣ್ಣನ ಮಗಳು ಹುಲಿಗಿ ದೊಡ್ಡವಳಾದಳು. ಭಟ್ಟಿಯ ಹೊಗೆ ಎಷ್ಟು ಎತ್ತರ ಹೋಗಿ ಬಾಗುತ್ತದೆ, ಅದರ ನೆರಳು ಯಾವ ಹೊತ್ತಿಗೆ ಯಾರ ಅಂಗಳದಲ್ಲಿ ಬೀಳುತ್ತದೆ ಎಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಲೆಕ್ಕ ಹಾಕುವ ಹುಡುಗಿ. ನಕ್ಷತ್ರಗಳ ಲೆಕ್ಕ ಕಲಿಯಬೇಕು ಎಂಬುದು ಅವಳ ಆಸೆ. ಅದನ್ನು ಕಲಿಸುವುದು ಆ ಕಾಲೇಜಿನಲ್ಲಿ ಮಾತ್ರ. ನಾನು ನನ್ನ ಬಳೆ ಒತ್ತೆಯಿಟ್ಟು ಅವಳನ್ನು ದನಿಪಾಠಕ್ಕೆ ಕಳಿಸಿದೆ. ಒಂದು ವಾರ ಹೋದಳು. ಆಮೇಲೆ ಬಂದು ಅಡುಗೆಮನೆಯ ಹೊಸಿಲಲ್ಲಿ ಕೂತಳು.

"ಅತ್ತೀ, ಅದು ನನ್ನ ಗಂಟಲಾಗ ಕುಂಡ್ರಂಗಿಲ್ಲ. ಅವರಂಗ ಕೂಗಿದ್ರ ಅದು ನನ್ನ ಹೆಸರ ಅಲ್ಲ ಅನ್ನಸ್ತೈತಿ."

"ಒಂದ್ಸಲ ಕೂಗೂದವಾ. ಒಳಗ ಹೋದಮ್ಯಾಲೆ ಬೇಕಾದಂಗ ಮಾತಾಡು."

"ಹೋದವರು ಯಾರರ ಹಂಗ ಮಾತಾಡ್ಯಾರೇನು? ನೀ ಕಾಲೇಜಿನಾಗ ಹೆಂಗ ಮಾತಾಡ್ತಿ, ಹೇಳು ನೋಡೂಣು."

ನಾನು ತಟ್ಟೆಗಳನ್ನು ಎತ್ತಿಡತೊಡಗಿದೆ. ಒಲೆಯ ಮುಂದೆ ಕೂತಿದ್ದ ಅವ್ವ, "ಬಿಡಾ, ಮಗಳು ತನ್ನ ಬಾಯಿಲೆ ಕೂಗ್ಲಿ. ಬಂದ್ರ ಬರ್ತೈತಿ" ಎಂದಳು. ಬರುವುದಿಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಹುಲಿಗಿ ಆ ರಾತ್ರಿ ಊಟ ಮಾಡಲಿಲ್ಲ.

ಬೇಸಿಗೆ ಬಂತು. ಕಾಲೇಜಿನಲ್ಲಿ ಅಧ್ಯಾಪಕರ ಸಭೆ ನಡೆಯಿತು. ಮಂಡಳಿಯ ಹೊಸ ತೀರ್ಪಿನ ಪ್ರಕಾರ ಇನ್ನು ಮುಂದೆ ಕಾಲೇಜಿನಲ್ಲಿ ಯಾವ ಬೀದಿಗೂ, ಯಾವ ಕೇರಿಗೂ ಪ್ರತ್ಯೇಕ ಪದ್ಧತಿ ಇರಕೂಡದು ಎಂದು ವಾಮದೇವಪ್ಪನವರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಹದಿನೈದು ವರ್ಷದಿಂದ ಆ ಸಭೆಗಳಲ್ಲಿ ಚಹಾ ಕುಡಿದು ಎದ್ದು ಬಂದವಳು. ಅವತ್ತು ಏನಾಯಿತೋ, ಹುಲಿಗಿಯ ಒಣಗಿದ ಮುಖ ಕಣ್ಣ ಮುಂದೆ ಬಂತು. ಎದ್ದು ನಿಂತೆ.

"ಸರ್, ಯಾವ ಕೇರಿಗೂ ಪ್ರತ್ಯೇಕ ಪದ್ಧತಿ ಇಲ್ಲ ಅಂದರೆ ಸುಣ್ಣಗೇರಿಯವರು ಬಾಯಲ್ಲಿ ಕಲ್ಲಿಡುವ ಪದ್ಧತಿಯೂ ಇರಬಾರದಲ್ಲವೇ? ಬಡಗಿಗಳು ಬಂದಾಗ ಮಾತಾಡುತ್ತಾರೆ. ಗಡಿಯಾರ ರಿಪೇರಿಯವನು ಹಾಡು ಹೇಳುತ್ತಾನೆ. ಕಲ್ಲು ನಮಗೊಬ್ಬರಿಗೇ."

ವಾಮದೇವಪ್ಪನವರು ಕನ್ನಡಕ ತೆಗೆದರು. ಅವರ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಸಂತೋಷ ಕಂಡಿತು. "ಹೌದಲ್ಲ ಮೇಡಂ! ಅದೂ ಭೇದವೇ. ಎಂಥ ಅನ್ಯಾಯ ನೋಡಿ, ನಮಗೆ ಹೊಳೆಯಲೇ ಇಲ್ಲ. ಇವತ್ತೇ ತೆಗೆಸಿಬಿಡೋಣ" ಎಂದರು. ಎಲ್ಲರೂ ಒಪ್ಪಿ ಕೈಯೆತ್ತಿದರು. ಸಮಾನತೆಯ ಕೆಲಸವನ್ನು ಇಷ್ಟು ಸುಲಭವಾಗಿ ಮಾಡಬಹುದೆಂದು ಅವರಿಗೆ ಖುಷಿಯೋ ಖುಷಿ. ಕಲ್ಲಿನ ಬುಟ್ಟಿಯನ್ನು ಹೊಳೆಗೆ ಸುರಿಸಿ ಬರುವಾಗ ಅದರದ್ದೂ ಒಂದು ಫೋಟೋ ತೆಗೆಸಿದರು. ಅದರಲ್ಲೂ ನಾನು ಮುಂದಿದ್ದೇನೆ. ನಾನು ಏನೋ ಹಂಚಿಕೆ ಹಾಕಿದ್ದೆ ಎಂದು ಆಮೇಲೆ ಜನ ಹೇಳಿದರು. ಹಂಚಿಕೆ ಇರಲಿಲ್ಲ. ಬರೀ ಸಿಟ್ಟಿತ್ತು.

ಸುಣ್ಣ ಬಳಿಯಲು ಕೇರಿಯವರು ಬಂದರು. ಅವ್ವನಿಗೆ ಏಣಿ ಹತ್ತುವ ವಯಸ್ಸು ಮುಗಿದಿದ್ದರೂ ಕೆಳಗೆ ಕೂತು ಸುಣ್ಣ ಕಲೆಸಲು ಬಂದಳು. ಹುಲಿಗಿ ಗಡಿಗೆ ಹೊತ್ತು ಕೊಡುತ್ತಿದ್ದಳು. ನನ್ನ ತರಗತಿ ಹಜಾರದ ಪಕ್ಕದಲ್ಲೇ. ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ಕುಂಚದ ಸದ್ದು ಬಿಟ್ಟರೆ ಏನೂ ಇಲ್ಲ. ಬಾಯಲ್ಲಿ ಕಲ್ಲಿರಲಿಲ್ಲ, ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಷ್ಟು ತಲೆಮಾರಿನ ರೂಢಿ ಬುಟ್ಟಿ ಸುರಿದರೆ ಹೋಗುತ್ತದೆಯೇ? ಊಟಕ್ಕೆ ಹೊರಗೆ ಬಂದಾಗ ನನ್ನ ಅಣ್ಣ ಕೈಯನ್ನು ಬಾಯಿಗೊಡ್ಡಿ ಇಲ್ಲದ ಕಲ್ಲನ್ನು ಉಗಿಯಲು ಹೋಗಿ, ತಾನೇ ನಾಚಿಕೊಂಡ.

ಎರಡನೆಯ ದಿನ ಹುಲಿಗಿ ನೀರಿಗೆಂದು ಹೋದವಳು ತಡ ಮಾಡಿದಳು. ಸುಣ್ಣ ಗಟ್ಟಿಯಾಗತೊಡಗಿತು. ಅವ್ವ ಮರೆತು ಕೂಗಿದಳು.

"ಏ ಹುಲಿಗೀ! ಎಲ್ಲಿ ಸತ್ತಿ? ನೀರ ತಾರಾ!"

ಹಜಾರದಲ್ಲಿ ಕುಂಚಗಳೆಲ್ಲ ನಿಂತವು. ನನ್ನ ಕೈಯಲ್ಲಿ ಸೀಮೆಸುಣ್ಣ ನಿಂತಿತು. ಆಮೇಲೆ ಯಾರೋ ಏಣಿಯ ಮೇಲಿಂದ ಕಿಸಕ್ಕನೆ ನಕ್ಕರು. ಇನ್ನೊಬ್ಬರು, "ಯವ್ವಾ, ಮೆಲ್ಲಕ, ಗ್ವಾಡಿ ಎದ್ದೀತು" ಎಂದರು. ಅಲ್ಲಿಂದ ಶುರುವಾಯಿತು ನೋಡಿ. ಸೊಸೆಯಂದಿರ ದೂರು, ಮೊಣಕಾಲ ನೋವು, ಯಾರದೋ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು, ಹಳೆಯ ಜಗಳ, ಹೊಸ ಜಗಳ, ಒಂದನ್ನೂ ಬಿಡಲಿಲ್ಲ. ಕ್ಷಣಕ್ಕೊಮ್ಮೆ ಹುಲಿಗಿಯ ಹೆಸರು. ಹುಲಿಗೀ ನೀರು, ಹುಲಿಗೀ ಗಡಿಗಿ, ಹುಲಿಗೀ ಏಣಿ ಹಿಡಿಯ ಬಾ, ಹುಲಿಗೀ ತಾಯೀ ಒಂದೀಟ ಎಲಿ ಕೊಡ. ಒಂದು ವಾರ ಹೀಗೇ ನಡೆಯಿತು. ನಾನು ಪಾಠ ಮಾಡಲಿಲ್ಲ. ಮಕ್ಕಳಿಗೆ ಏನೋ ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಎಷ್ಟೋ ವರ್ಷದ ಮೇಲೆ ಆ ಕಟ್ಟಡದೊಳಗೆ ನಮ್ಮ ಮಾತು ಕೇಳುತ್ತಿದ್ದೆ. ಅಳು ಬಂತು, ಅತ್ತೆ. ಕಣ್ಣಿಗೆ ಸುಣ್ಣ ಬಿತ್ತು ಎಂದೆ. ಒಳ್ಳೆಯ ಮಕ್ಕಳು, ನಂಬಿದರು.

ಸೀಟಿನ ದಿನ ಮನೆಯವರನ್ನು ಗೇಟಿನ ಒಳಗೆ ಬಿಡುವುದಿಲ್ಲ. ಅವ್ವ ಹೊಂಗೆ ಮರದ ಕೆಳಗೆ ನಿಂತಳು, ಜೊತೆಗೆ ಅಣ್ಣ, ಕೇರಿಯ ಮತ್ತಷ್ಟು ಮಂದಿ. ನಾನು ಅಧ್ಯಾಪಕರ ಸಾಲಿನಲ್ಲಿ ಹಜಾರದಲ್ಲಿದ್ದೆ. ಗಡಿಯಾರದ ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮೆದುವಾಗಿ ಹೆಸರು ಕೂಗಿ, ಹೆಸರು ವಾಪಸು ಪಡೆದು, ನಕ್ಕು ಹೋದರು. ಈಗ ಸಮಿತಿಯ ಸದಸ್ಯರಾಗಿರುವ ಗುಣಸಾಗರರು ಪ್ರತಿಯೊಬ್ಬರಿಗೂ ತಲೆಯಾಡಿಸುತ್ತಿದ್ದರು. ಕೊನೆಗೆ ಹುಲಿಗಿ ಬಂದಳು. ಹೊಸ ಲಂಗ, ಎಣ್ಣೆ ಹಚ್ಚಿದ ಜಡೆ. ಅವಳ ಪಕ್ಕದ ಜಾಗ ಖಾಲಿ ಇತ್ತು. ಒಂದು ಕಾಲದಲ್ಲಿ ನಾನು ನಿಲ್ಲುತ್ತಿದ್ದ ಜಾಗ ಅದು. ಕಾಲು ಎಳೆಯಿತು, ಕುರ್ಚಿ ಹಿಡಿದು ಕೂತೆ.

"ಹುಲಿಗೀ!" ಎಂದು ಕೂಗಿದಳು. ಹೊಳೆಯ ಈ ದಡದಿಂದ ಆ ದಡಕ್ಕೆ ಕರೆಯುವ ಹಾಗೆ, ನಮ್ಮ ಕೇರಿಯ ಹಾಗೆ.

ಗೋಡೆ ಸುಮ್ಮನಿತ್ತು. ಹುಲಿಗಿ ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತುತ್ತಿದ್ದಳು. ಜವಾನ ಆ ವರ್ಷದ ಸೀಟು ಮುಗಿಯಿತೆಂದು ಸಾರುವ ಗಂಟೆಯನ್ನು ಎತ್ತಿಕೊಂಡ. ಆಗ ಗೋಡೆಯ ಬುಡದಿಂದ, ಅವ್ವ ಕೂತು ಸುಣ್ಣ ಕಲೆಸಿದ್ದ ಕಡೆಯಿಂದ, ಅವಳದೇ ದನಿ ಎದ್ದಿತು. ಏ ಹುಲಿಗೀ! ಅದರ ಹಿಂದೆ ಅಣ್ಣನ ದನಿ, ಅದರ ಮೇಲೆ ಇನ್ನೊಂದು, ಏಣಿಯಷ್ಟು ಎತ್ತರದಿಂದ ಮತ್ತೊಂದು, ಆಮೇಲೆ ಇಡೀ ಗೋಡೆಯೇ ಹುಲಿಗೀ, ಹುಲಿಗೀ ತಾಯೀ, ಬಾರಾ ಹುಲಿಗೀ ಎಂದು ಕೂಗತೊಡಗಿತು. ನೀರು ಕುಡಿಯುತ್ತಿದ್ದವರ ಲೋಟದಲ್ಲಿ ನೀರು ನಡುಗಿತು.

ಗುಣಸಾಗರರು ಎದ್ದು ನಿಂತು, "ಇದು ಸಲ್ಲದು! ಎಷ್ಟು ದನಿ! ಇದು ಜೊತೆಕೂಗಿಗಿಂತ ಕಡೆಯಾಯಿತು!" ಎಂದು ಕೂಗಾಡಿದರು.

ವಾಮದೇವಪ್ಪನವರು ಬಹಳ ಹೊತ್ತು ಗೋಡೆಯನ್ನೇ ನೋಡಿದರು. ತಾವು ಹೊಳೆಗೆ ಸುರಿಸಿದ ಬುಟ್ಟಿ ಅವರಿಗೆ ನೆನಪಾಗಿರಬೇಕು. "ಹುಡುಗಿ ಒಬ್ಬಳೇ ಕೂಗಿದಳು, ಗುಣಸಾಗರರೇ. ನಾವೆಲ್ಲ ಕಣ್ಣಾರೆ ನೋಡಿದೆವು. ಗೋಡೆ ಎಷ್ಟು ದನಿಯಲ್ಲಿ ಉತ್ತರ ಕೊಡಬೇಕು ಅಂತ ನಾವು ಯಾರೂ ನಿಯಮ ಮಾಡಿಲ್ಲ" ಎಂದರು. ಜವಾನನಿಗೆ ಗಂಟೆ ಬಾರಿಸಲು ಹೇಳಿದರು.

ಮುಂದಿನ ವರ್ಷದಿಂದ ಹೊರಗಿನವರನ್ನು ಕರೆಸಿ ಯಂತ್ರದಿಂದ ಬಣ್ಣ ಹೊಡೆಸುತ್ತಾರೆಂಬ ಮಾತು ಆಗಲೇ ಹುಟ್ಟಿದೆ. ಹಾಗಾದರೆ ಹುಲಿಗಿಯ ಹಿಂದೆ ಇನ್ಯಾರು ಬರುತ್ತಾರೋ ನನಗೆ ತಿಳಿಯದು. ಅವತ್ತಂತೂ ಅದನ್ನೆಲ್ಲ ಯೋಚಿಸುವ ಸ್ಥಿತಿ ನನ್ನದಾಗಿರಲಿಲ್ಲ. ಬರಿಗಾಲಲ್ಲೇ ಗೇಟಿನತ್ತ ಓಡಿದೆ. ಹುಲಿಗಿ ನನ್ನ ಹಿಂದೆ ಓಡಿ ಬರುತ್ತ ಅಂಗಳದ ನಟ್ಟನಡುವೆ "ಅತ್ತೀ! ನಿಂದ್ರ!" ಎಂದು ಕೂಗಿದಳು. ನಾನು ನಿಂತೆ. ಸುಮ್ಮನೆ, ಇನ್ನೊಮ್ಮೆ ಕರೆಯಲಿ ಎಂದು, ತಿರುಗದೆ ನಿಂತೆ.

ಗೇಟಿನ ಹೊರಗೆ ಕೇರಿಯವರು ಕುಣಿಯುತ್ತಿದ್ದರು. ಅವ್ವ ಮಾತ್ರ ಕಿವಿಯ ಹಿಂದೆ ಕೈಯಿಟ್ಟುಕೊಂಡು ನಿಂತಿದ್ದಳು.

"ಒಳಗ ಕೂಗಿದ್ದು ಯಾರಬೇ?"

"ನೀನ ಯವ್ವಾ. ನಿನ್ನ ದನೀನ ಮೊದಲ ಬಂತು."

"ನಾ ಇಲ್ಲೆ ಅದೀನಲ್ಲ" ಎಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಆ ಗ್ವಾಡಿಗೆ ಎಲ್ಲಾರ ಹೆಸರೂ ಬರ್ತೈತಿ. ನನ್ನ ಹೆಸರೊಂದು ಅದಕ ಗೊತ್ತಿಲ್ಲ. ಆ ವಾರದಾಗ ನನ್ನ ಯಾರೂ ಹೆಸರ ಹಿಡದು ಕರೀಲಿಲ್ಲ" ಎಂದು ನಕ್ಕಳು. ಅದೇ ನಗು.

ಹುಲಿಗಿ ಅಜ್ಜಿಯ ಮುಖ ನೋಡಿದಳು. ಏನೂ ಹೇಳದೆ ಲಂಗ ಎತ್ತಿ ಹಿಡಿದು ತಿರುಗಿ ಓಡಿದಳು. ಈಗ ಅವಳನ್ನು ತಡೆಯುವವರಿರಲಿಲ್ಲ, ಅವಳು ಆ ಕಾಲೇಜಿನವಳು. ಅಂಗಳ ದಾಟಿ, ಮೆಟ್ಟಿಲು ಹತ್ತಿ, ಹಜಾರದ ಬಾಗಿಲಲ್ಲಿ ಮರೆಯಾದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವಳ ದನಿ ಕೇಳಿಸಿತು.

"ಸಂಕವ್ವಾ!"

ಕುಣಿಯುತ್ತಿದ್ದವರು ನಿಂತರು. ಒಳಗಿನಿಂದ, ನಿಧಾನವಾಗಿ, ಸುಣ್ಣದಷ್ಟು ತಣ್ಣಗೆ, ಗೋಡೆ ಕರೆಯಿತು. ಸಂಕವ್ವಾ.

ಅವ್ವ ಗೇಟಿನ ಸರಳು ಹಿಡಿದುಕೊಂಡಳು. ಹಿತ್ತಲಲ್ಲಿ ಕೆಲಸದಲ್ಲಿದ್ದವಳನ್ನು ಯಾರೋ ಒಳಮನೆಯಿಂದ ಕರೆದ ಹಾಗೆ, ಚಿಕ್ಕ ಹುಡುಗಿಯ ದನಿಯಲ್ಲಿ, "ಬಂದ್ನಿ" ಎಂದಳು.